ವಾಲೆಂತಿಯ ಎಡಗೊಂಬು

ಇಷ್ಟಕ್ಕೆಲ್ಲ ಕಾರಣ ಒಂದು ಜೊತೆ ರಬ್ಬರ್ ಬೂಟು. ಅದೂ ಹೆಂಡತಿಯದು.

ಬಿಯೆಶ್ಚಾದಿ ಬೆಟ್ಟದ ಸಾರಂಗಗಳು ಚಳಿಗಾಲದ ಕೊನೆಗೆ ಕೊಂಬು ಉದುರಿಸುತ್ತವಲ್ಲ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಜೋಡಿ ಯಾರಿಗೆ ಸಿಕ್ಕಿತೋ ಅವರ ಹೆಸರಿನ ಹಲಗೆ ಊರ ಸಭಾಭವನದ ಬಾಗಿಲ ಮೇಲೆ ಏರಬೇಕು. ಬಾಯಿಮಾತು ನಡೆಯದು, ಕೊಂಬು ಬಿದ್ದ ಜಾಗಕ್ಕೆ ಹಿಮದ ಮೇಲೆ ಯಾರ ಹೆಜ್ಜೆ ಹೋಗಿದೆಯೋ ಕೊಂಬು ಅವರದೇ ಎಂದು ತೀರ್ಮಾನ. ಒಂಬತ್ತು ವರ್ಷದಿಂದ ಹಿರೋನಿಮನೇ ಗೆಲ್ಲುತ್ತಿದ್ದ. ಒಂಬತ್ತು ಸಲವೂ ಆ ಹೆಸರು ಕೆತ್ತಿದವನು ಅವನ ಪಕ್ಕದ ಮನೆಯ ಬಡಗಿ ವಾಲೆಂತಿ ಬುಕಾಲಾ. ಕೆತ್ತಿ ಕೆತ್ತಿ ಪಾಪ, ಅವನ ಹೊಟ್ಟೆ ಉರಿದುಹೋಗಿತ್ತು.

ಈ ಸಲ ಹಾಗಲ್ಲ. ನಿನ್ನೆ ಮುದಿ ಸಾರಂಗದ ಏಳು ಕವಲಿನ ಬಲಗೊಂಬು ಅವನ ಕೈಗೆ ಬಂದಿತ್ತು. ಎಡಗೊಂಬು ಅಲ್ಲೇ ಆಸುಪಾಸಿನಲ್ಲಿ ಬಿದ್ದಿರಬೇಕು. ತೊಂದರೆಯೆಂದರೆ ವಾಲೆಂತಿ ಕಾಡಿಗೆ ಕಾಲಿಟ್ಟರೆ ಹಿರೋನಿಮ್ ಅವನ ಹೆಜ್ಜೆ ಹಿಡಿದೇ ಹಿಂದೆ ಬರುತ್ತಾನೆ. ಅದಕ್ಕೇ ನಿನ್ನೆಯೂ ಇವತ್ತೂ ಅವನು ಹೆಂಡತಿ ಗೆನೋವೆಫಾಳ ಬೂಟು ಏರಿಸಿಕೊಂಡ. ಅಡಿಯಲ್ಲಿ ಹೂವಿನ ಅಚ್ಚಿರುವ ಬೂಟು ಊರಲ್ಲಿ ಅದೊಂದೇ. ಕಾಡು ದಾಟಿದರೆ ಗುಡ್ಡದಾಚೆ ಅವಳ ತಂಗಿಯ ಮನೆ. ಹೂವಿನ ಹೆಜ್ಜೆ ಕಾಡಿನತ್ತ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತನ್ನ ಬುದ್ಧಿಗೆ ತಾನೇ ಮೆಚ್ಚಿ, ಎಡಗೊಂಬು ಸಿಗುವ ಮೊದಲೇ ಅವನು ‘ವಾಲೆಂತಿ ಬುಕಾಲಾ’ ಎಂದು ಹಲಗೆ ಕೆತ್ತಿಟ್ಟಿದ್ದ. ಹೆಂಡತಿಗೆ ಮಾತ್ರ, ಸಾನೋಕ್ ಪೇಟೆಯಲ್ಲಿ ಕೆಲಸವಿದೆ ಎಂದು ಹೇಳಿ ಹೊರಟಿದ್ದ.

ಅದೇ ಹೊತ್ತಿಗೆ ಗೆನೋವೆಫಾ ಅಂಗಡಿಯಲ್ಲಿ ಹಂದಿಕೊಬ್ಬು ಕೊಳ್ಳುತ್ತಿದ್ದಳು. ಮರುದಿನ ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಗುರುವಾರ, ಮನೆಮನೆಯಲ್ಲೂ ಜಾಮು ತುಂಬಿದ ಉಂಡೆ ಕರಿಯಬೇಕು. ಹಿರೋನಿಮನ ಹೆಂಡತಿ ಕುನೆಗುಂದಾ ಅವಳ ಕಾಲನ್ನೇ ನೋಡಿದಳು.

“ನೀನ್ ಇಲ್ಲೇ ಇದೀಯಲ್ಲೇ. ಕಾಡಿನ ಕಡೆ ಹೂವಿನ ಹೆಜ್ಜೆ ಕಂಡೆ. ಹಾಗಾದ್ರೆ ನಿನ್ ಬೂಟ್ ಹಾಕ್ಕೊಂಡು ಬೆಳಗ್ಗೆ ಕಾಡಿಗೆ ಹೋದವಳು ಯಾರು?”

ಅಷ್ಟು ಸಾಕಾಯಿತು. ಅಂಗಡಿಯವಳು ಒಂದು ಸೇರಿಸಿದಳು, ಕುನೆಗುಂದಾ ಎರಡು ಸೇರಿಸಿದಳು, ವಾಲೆಂತಿಗೆ ಕಾಡಿನಲ್ಲಿ ಒಬ್ಬ ಗುಟ್ಟಿನ ಗೆಳತಿಯೇ ಹುಟ್ಟಿಕೊಂಡಳು. ತನ್ನ ಮನೆಗೇ ಬಂದು ತನ್ನ ಬೂಟನ್ನೇ ಮೆಟ್ಟಿಕೊಂಡು ಹೋದ ಆ ಮಹಾರಾಯ್ತಿಯ ಜುಟ್ಟು ಹಿಡಿಯಲು ಗೆನೋವೆಫಾ ಕೊಬ್ಬಿನ ಪೊಟ್ಟಣದ ಸಮೇತ ಕಾಡಿಗೆ ನಡೆದಳು. ಹಿಂದೆ ಅರ್ಧ ಊರು, ಎಲ್ಲರಿಗಿಂತ ಹಿಂದೆ ಹಿರೋನಿಮ್.

ವಾಲೆಂತಿ ಆಗ ತಾನೇ ಫರ್ ಮರದ ಬುಡದಿಂದ ಎಡಗೊಂಬನ್ನು ಎತ್ತಿಕೊಂಡು ಕಂದನಂತೆ ಎದೆಗೆ ಅವುಚಿದ್ದ. ತಲೆಯೆತ್ತಿದರೆ ಎದುರಿಗೆ ಹೆಂಡತಿ.

“ಎಲ್ಲಿ ಅವಳು?”

“ಅವಳೂ ಇಲ್ಲ, ಇವಳೂ ಇಲ್ಲ ಕಣೆ. ನಾನೇ.”

ಎಲ್ಲರ ಕಣ್ಣೂ ಅವನ ಕಾಲಿಗಿಳಿಯಿತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಾಲೆಂತಿ ಜಗ್ಗಲಿಲ್ಲ.

“ನಗ್ರಪ್ಪಾ, ನಗಿ. ಜೋಡಿ ನಂದು. ಈ ಸಲದ ಹಲಗೇನೂ ನಂದೇ.”

ಹಿರೋನಿಮ್ ಮಾತ್ರ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕೊಂಬು ಬಿದ್ದಿದ್ದ ಜಾಗವನ್ನು ನಿಧಾನವಾಗಿ ನೋಡಿದ.

“ಕೊಂಬಿನ ಹತ್ರ ಬಂದಿರೋದು ಹೂವಿನ ಹೆಜ್ಜೆ ಕಣಯ್ಯಾ. ಊರಿಗೆಲ್ಲ ಗೊತ್ತು, ಇದು ಗೆನೋವೆಫಾಳದು. ನಿನ್ನದೊಂದು ಹೆಜ್ಜೆ ತೋರ್ಸು ನೋಡೋಣ.”

ವಾಲೆಂತಿ ಸುತ್ತ ನೋಡಿದ. ನಿನ್ನೆ ಬಲಗೊಂಬು ಸಿಕ್ಕಿದ ಪೊದೆಯ ತನಕವೂ ಹೂವೇ ಹೂವು. ಹೋದ ವರ್ಷ, ಹೆಜ್ಜೆಯ ಮುಂದೆ ಯಾರ ಮಾತೂ ನಡೆಯಬಾರದು ಎಂದು ಸಭೆಯಲ್ಲಿ ಮೇಜು ಗುದ್ದಿದವನೂ ಅವನೇ. ನಿಜ ಹೇಳು ಎಂಬಂತೆ ಹೆಂಡತಿಯ ಮುಖ ನೋಡಿದ. ಅವಳು ಕೊಂಬಿನ ಕವಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

“ಹಲಗೆ ಆಗ್ಲೇ ಕೆತ್ತಿಟ್ಟಿದೀಯಲ್ಲ, ಕಂಡಿದೀನಿ. ‘ಬುಕಾಲಾ’ ಹಾಗೇ ಇರ್ಲಿ. ‘ವಾಲೆಂತಿ’ ಅನ್ನೋದಷ್ಟೇ ಹೆರೆದು ನನ್ ಹೆಸ್ರು ಕೆತ್ತು,” ಎಂದಳು ಗೆನೋವೆಫಾ. “ಮೊದ್ಲು ನನ್ ಬೂಟ್ ಬಿಚ್ಚು.”

ವಾಲೆಂತಿ ಕೊಂಬು ಹೊತ್ತು ಬರೀ ಕಾಲುಚೀಲದಲ್ಲಿ ಊರಿನತ್ತ ಹೊರಟ. ದಾರಿಯುದ್ದಕ್ಕೂ ಹಿಮದ ಮೇಲೆ ಈಗ ಮೂಡುತ್ತಿದ್ದದ್ದು ಅವನದೇ ಹೆಜ್ಜೆ.