ಮೂರನೆಯ ಕೂಗು

ಹೆದರಿಕೆಗೂ ಅಂಕ ಕೊಡುವ ಜನ ಇದ್ದಾರೆಂದು ನನಗೆ ಗೊತ್ತಾಗಿದ್ದು ಈ ವಯಸ್ಸಿನಲ್ಲಿ. ಬಸ್ಸಿನ ಬೋರ್ಡಿನಲ್ಲಿ ಗುಬ್ಬಿ ಯಾವುದು, ಕುಣಿಗಲ್ ಯಾವುದು ಎಂದು ಓದಿಕೊಳ್ಳುವಷ್ಟು ಅಕ್ಷರ ನನಗೆ ಬರುತ್ತದೆ, ಅದರಾಚೆಗೆ ಬೇಕಾಗಿಯೂ ಇರಲಿಲ್ಲ. ಈಗ ನೋಡಿದರೆ ಇಂಗ್ಲಿಷು ಬಲ್ಲ ವಿಮರ್ಶಕರ ಜೊತೆ ನನಗೆ ಜಗಳ. ಅವರಿಗೆ ಅದು ಗೊತ್ತಿಲ್ಲ, ಅಷ್ಟೆ.

ಮಗಳ ಮಗಳು ಸವಿತಾ ಗುಬ್ಬಿಯಲ್ಲಿ ನನ್ನ ಜೊತೆ ಇದ್ದಾಳೆ. ಹಗಲು ಇಲ್ಲೇ ಹತ್ತಿರದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಕೆಲಸ, ಮಿಕ್ಕ ಹೊತ್ತೆಲ್ಲ ಕಂಪ್ಯೂಟರಿನಲ್ಲಿ ದೆವ್ವದ ಗೇಮು ಕಟ್ಟುವುದು. ಮದುವೆಯ ಮಾತೆತ್ತಿದರೆ "ಗೇಮ್ ಮುಗೀಲಿ" ಅನ್ನುತ್ತಿದ್ದಳು. ದೆವ್ವಕ್ಕೋಸ್ಕರ ಗಂಡನ್ನು ಕಾಯಿಸಿದ ಹೆಣ್ಣನ್ನು ನಾನು ಬೇರೆ ಕಂಡಿಲ್ಲ. ಅಂತೂ ಮುಗಿಯಿತು. ಗೇಮುಗಳಿಗೆ ಅಂಕ ಕೊಡುವುದೇ ಕಸುಬಾದವರು ಆಡಿ ನೋಡಿ ಹತ್ತಕ್ಕೆ ಮೂರು ಕೊಟ್ಟರು. ದೆವ್ವ ಕಾಣುವುದೇ ಇಲ್ಲ, ಯಾರೋ ಮುದುಕಿ ಕೂಗುತ್ತಾಳೆ, ದೀಪ ಆರುತ್ತದೆ, ಆಟ ಮುಗಿಯಿತು. ಇದರಲ್ಲಿ ಹೆದರುವುದೇನಿದೆ ಎಂದು ಬರೆದರಂತೆ. ಹುಡುಗಿ ಊಟ ಬಿಟ್ಟು ಕೂತಳು. "ನಾಳೆ ಆ ಮುದ್ಕಿನ ತೆಗ್ದು, ಕೂದ್ಲು ಕೆದರ್ಕೊಂಡು ಕಿರಿಚೋ ದೆವ್ವ ಹಾಕ್ತೀನಿ ಅಜ್ಜಿ" ಅಂದಳು.

"ಮೊದ್ಲು ನಂಗೆ ತೋರ್ಸೇ" ಅಂದೆ.

ಪರದೆಯ ಮೇಲೊಂದು ಮನೆ, ಹಿಂದೆ ತೆಂಗಿನ ತೋಟ, ದೀಪ ಹಚ್ಚುವ ಹೊತ್ತು. ಹಿತ್ತಲಿಂದ ಒಬ್ಬಳು ಕೂಗಿದಳು: "ಸವಿತಾ, ಬಾಗ್ಲು ತೆಗಿಯೇ." ಓ ಅನ್ನಬೇಕಾದರೆ ಒತ್ತು ಎಂದು ಸವಿತಾ ಒಂದು ಬಟನ್ ತೋರಿಸಿದಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಮುಸ್ಸಂಜೆಯಲ್ಲಿ ಹಿತ್ತಲಿಂದ ಬಂದ ಮೊದಲ ಕೂಗಿಗೆ ನಮ್ಮ ಕಡೆ ಯಾರೂ ಓಗೊಡುವುದಿಲ್ಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಹೆಸರೆತ್ತಬಾರದ ಅದು ಕೂಗಿದ್ದಾದರೆ ಮೂರನೆಯದು ಬರುವುದಿಲ್ಲ. ಎರಡನೆಯ ಕೂಗು ಬಾಗಿಲಿಗೇ ಬಾಯಿಟ್ಟು ಕೂಗಿದ ಹಾಗೆ ಬಂತು. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಚಿಲಕ ಮಾತ್ರ ಮೆಲ್ಲಗೆ ಅಲ್ಲಾಡತೊಡಗಿತು. ನಾನು ಎದ್ದು ನಮ್ಮ ಹಿತ್ತಲ ಬಾಗಿಲ ಚಿಲಕ ನೋಡಿಕೊಂಡು ಬಂದೆ. ಆಮೇಲೆ ಹೊಳೆಯಿತು, ಆ ದನಿ ನನ್ನದು!

"ದಿನಾ ಸೋಗೆ ತಂದು ಹಿತ್ಲಲ್ಲಿ ನಿಂತ್ಕೊಂಡು ಕೂಗ್ತೀಯಲ್ಲ, ಅದನ್ನೇ ರೆಕಾರ್ಡ್ ಮಾಡ್ಕೊಂಡೆ" ಅಂದಳು.

"ಹತ್ತಕ್ಕೆ ಹತ್ತು ಕಣೇ. ಆ ಬಡ್ಡೆತ್ತವು ಮೊದ್ಲನೇ ಕೂಗಿಗೇ ಓ ಅಂದು ಸತ್ತವೆ. ಸತ್ತೋರ ಮಾತೇನ್ ಕೇಳ್ತೀಯ?"

"ನಿನ್ ದನಿ ಅಂತ ಹೊಗಳ್ತಾ ಇದೀಯ. ಬುಡು ಅಜ್ಜಿ, ನಿನ್ ಅಂಕ ಯಾರಿಗ್ ಬೇಕು?"

ಅದೂ ಸುಳ್ಳಲ್ಲ. ಆದರೂ ನನ್ನ ದನಿಗೆ ಯಾರೂ ಹೆದರುವುದಿಲ್ಲ ಎಂದು ಬರೆದವರು ನನ್ನ ಸೊಸೆಯರನ್ನು ಒಂದು ಮಾತು ಕೇಳಬೇಕಿತ್ತು.

ಮರುದಿನ ಸಂಜೆ ಸೋಗೆ ಎಳೆದುಕೊಂಡು ಬಂದರೆ ಹಿತ್ತಲ ಬಾಗಿಲು ಹಾಕಿತ್ತು. ಒಳಗೆ ಸವಿತಾ ನನ್ನ ದನಿ ಅಳಿಸಲು ಕೂತಿದ್ದಳು. "ಸವಿತಾ, ಬಾಗ್ಲು ತೆಗಿಯೇ" ಅಂದೆ. ಸದ್ದಿಲ್ಲ. ನನಗೂ ಚೇಷ್ಟೆ ಹುಟ್ಟಿತು. ಬಾಗಿಲಿಗೆ ಬಾಯಿಟ್ಟು ಇನ್ನೊಂದು ಸಲ ಕೂಗಿದೆ. ಮೂರನೆಯ ಕೂಗನ್ನು ಬೇಕೆಂದೇ ನುಂಗಿಕೊಂಡು, ಚಿಲಕ ಅಲ್ಲಾಡಿಸೋಣವೆಂದು ಕೈ ಎತ್ತಿದೆ.

ಒಳಗಿನಿಂದ "ಓ" ಎಂದು ಕೇಳಿಸಿತು. ನನ್ನದೇ ದನಿ.

ಬಾಗಿಲು ದಡಾರನೆ ತೆರೆಯಿತು. ಸವಿತಾ ಬಿಳಿಚಿಕೊಂಡಿದ್ದಳು. "ಅಜ್ಜಿ, ಅಡುಗೆಮನೇಲಿ ಓ ಅಂದಿದ್ದು ನೀನಾ?"

"ನಾನ್ ಹೊರಗಿದೀನಲ್ಲೇ! ನಿನ್ ಗೇಮೇ ಅಂದಿರ್ಬೇಕು."

"ಗೇಮಲ್ಲಿ ನೀನು ಕೂಗೋದು ಮಾತ್ರ ಇರೋದು. ಓ ಅನ್ನೋದನ್ನ ನಾನು ರೆಕಾರ್ಡೇ ಮಾಡಿಲ್ಲ."

ಆ ದನಿಯನ್ನು ಅಳಿಸುವ ಧೈರ್ಯ ಅವಳಿಗೆ ಮತ್ತೆ ಬರಲಿಲ್ಲ. ಗೇಮು ಇದ್ದ ಹಾಗೇ ಇದೆ, ಅಂಕವೂ ಮೂರೇ ಇದೆ. ವಾದದಲ್ಲಿ ಗೆದ್ದವಳು ನಾನೇ. ಆದರೂ ಈಗ ಹಿತ್ತಲಿಗೆ ಹೋಗುವಾಗ ಬಾಗಿಲು ತೆರೆದಿಟ್ಟೇ ಹೋಗುತ್ತೇನೆ, ಕೂಗುವುದನ್ನೂ ಬಿಟ್ಟಿದ್ದೇನೆ. ಹೆದರಿಕೆಗಲ್ಲ. ನನ್ನ ದನಿ ಇಟ್ಟುಕೊಂಡೂ ಅದು ಆ ವಿಮರ್ಶಕರ ಹಾಗೇ ಮೂರನೆಯ ಕೂಗಿಗೆ ಕಾಯದೆ ಓ ಅಂದಿತಲ್ಲ, ಆ ಅವಮಾನಕ್ಕೆ.