ದೀಡನೂರು ರೊಟ್ಟಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನನಗೆ ಚಿಕ್ಕಂದಿನಿಂದಲೂ ಬಾಯಿ ಬರುವುದಿಲ್ಲ. ಯಾರಾದರೂ ದಾರಿ ಕೇಳಿದರೆ ಸಾಕು, ಕೈ ತಾನಾಗಿ ಎದ್ದು ಯಾವುದಾದರೊಂದು ದಿಕ್ಕು ತೋರಿಸಿಬಿಡುತ್ತದೆ. ಮುಂಡರಗಿಗೆ ಹೋಗಬೇಕಿದ್ದ ಹಿರಿಯರೊಬ್ಬರನ್ನು ಒಮ್ಮೆ ಲಕ್ಷ್ಮೇಶ್ವರದ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಜಾಗವನ್ನೂ ಹಿಡಿದುಕೊಟ್ಟಿದ್ದೆ. ಅವರು ಕೈಮುಗಿದು ಹೋದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇಂಥ ನಾನು ಗೆಳೆಯ ದಾವಲನೊಂದಿಗೆ ಗದಗಿನಲ್ಲೊಂದು ಕೋಣೆ ಹಿಡಿದು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುತ್ತೇನೆ.

ಹುಲಕೋಟಿಯ ಶಾಂತವ್ವಕ್ಕ ನಾಲ್ಕು ಜನ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದುವೆಗಳಿಗೆ, ಬಸುರಿಯರ ಸೀಮಂತವಾದ ಕುಬಸಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾರೆ. ಆರ್ಡರುಗಳೆಲ್ಲ ಮೊಬೈಲಿಗೆ ಬರುತ್ತವೆ. “ಕೈತುಂಬ ಹಿಟ್ಟಿರತೈತಿ, ಫೋನ್ ಹೆಂಗ ಹಿಡೀಲಿ ತಮ್ಮಾ? ಬಂದ ಮೆಸೇಜ್ ಅದ ಓದಿ, ಎಷ್ಟ ರೊಟ್ಟಿ ಅಂತ ಗ್ವಾಡಿ ಮ್ಯಾಲ ದೊಡ್ಡದಾಗಿ ತೋರ್ಸೂ ಹಂಗ ಏನರ ಮಾಡಿಕೊಡು” ಎಂದರು. ಬರೆದ ವಾಕ್ಯವನ್ನು ಬಿಡಿಸಿ ಅರ್ಥ ಹೆಕ್ಕುವ ಇಂಥ ಪ್ರೋಗ್ರಾಮಿಗೆ ನಮ್ಮ ಕಸುಬಿನಲ್ಲಿ ಪಾರ್ಸರ್ ಎನ್ನುತ್ತಾರೆ.

“ಮಂದಿ ಬರದಿಟ್ಟ ಲೈಬ್ರರಿ ಐತಿ. ಎಷ್ಟೋ ವರ್ಷದಿಂದ ಎಲ್ಲಾರೂ ಬಳಸಾಕತ್ತಾರ. ಅದನ್ನ ತಗೊಂಡು ನಮ್ಮ ಶಬ್ದ ಕಲಿಸಿದ್ರ ಆತು” ಎಂದ ದಾವಲ. ಅವನು ಹೇಳಿದ್ದು ಪುಸ್ತಕದ ಲೈಬ್ರರಿಯಲ್ಲ. ಬೇರೆಯವರು ಬರೆದು, ಬೇಕಾದವರು ಬಳಸಲಿ ಎಂದು ಇಟ್ಟಿರುವ ಸಿದ್ಧ ಪ್ರೋಗ್ರಾಂ. ನನಗೆ ಅವಮಾನವಾಯಿತು. ನಾನೇನು ಸತ್ತುಹೋಗಿದ್ದೇನೆಯೇ? “ಶಾಂತವ್ವಕ್ಕಂದು ಕೈರೊಟ್ಟಿ. ಅದಕ್ಕ ಪಾರ್ಸರೂ ಕೈಲೆ ಬರದದ್ದ ಇರಬೇಕಲೇ” ಎಂದೆ. ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಅದನ್ನು ಮತ್ತೆರಡು ಸಲ ಹೇಳಿದೆ. ದಾವಲ “ಬರಿಯಪಾ” ಎಂದು ಚಹಾ ಕುಡಿಯಲು ಎದ್ದುಹೋದ.

ಮೂರು ದಿನ ಕೂತು ಬರೆದೆ. ಒಂದರಿಂದ ಸಾವಿರದವರೆಗೆ ಶಾಲೆಯಲ್ಲಿ ಕಲಿತ ಅಂಕಿಗಳನ್ನೆಲ್ಲ ತುಂಬಿದೆ. ಜನ ಬರೀ ಅಂಕಿ ಬರೆಯುವುದಿಲ್ಲವಲ್ಲ. “ಅಕ್ಕಾ ಆರಾಮ ಅದೀರಿಲ್ಲೊ” ಎಂದು ಕ್ಷೇಮ ವಿಚಾರಿಸಿಯೇ ರೊಟ್ಟಿಗೆ ಬರುತ್ತಾರೆ. ಆದ್ದರಿಂದ, ತಿಳಿಯದ ಶಬ್ದ ಬಂದರೆ ಹಾರಿ ಮುಂದೆ ಹೋಗು ಎಂದು ಅದಕ್ಕೆ ಹೇಳಿಕೊಟ್ಟೆ.

ಬೆಟಗೇರಿಯ ಒಂದು ಮನೆಯಿಂದ ಆರ್ಡರು ಬಂತು: “ಅಕ್ಕಾ, ಐತವಾರ ಮಗಳ ಕುಬಸ ಐತಿ, ದೀಡ ನೂರ ರೊಟ್ಟಿ ಬೇಕು.” ದೀಡ ಎಂದರೆ ಒಂದೂವರೆ, ದೀಡನೂರು ಎಂದರೆ ನೂರೈವತ್ತು. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಶಿರಹಟ್ಟಿಯ ನಮ್ಮ ಮನೆಯಲ್ಲಿ ಅವ್ವ ಸಕ್ಕರೆಯಿಂದ ಹಿಡಿದು ರವಿಕೆ ಬಟ್ಟೆಯವರೆಗೆ ಅಳೆಯುವುದೇ ದೀಡದಲ್ಲಿ, ಇಲ್ಲವೇ ಅಡೀಚದಲ್ಲಿ, ಅಂದರೆ ಎರಡೂವರೆಯಲ್ಲಿ. ಆದರೆ ಪ್ರೋಗ್ರಾಂ ಬರೆಯಲು ಕೂತಾಗ ನನ್ನ ತಲೆಯಲ್ಲಿದ್ದದ್ದು ಮಗ್ಗಿ ಪುಸ್ತಕ ಮಾತ್ರ. ನನ್ನ ಪಾರ್ಸರು ದೀಡವನ್ನೂ ಒಂದು ಬಗೆಯ ನಮಸ್ಕಾರವೆಂದು ತಿಳಿದು ಹಾರಿತು. ಗೋಡೆಯ ಮೇಲೆ ನೂರು ಎಂದು ಮೂಡಿತು.

ಭಾನುವಾರ ಮಧ್ಯಾಹ್ನ ಶಾಂತವ್ವಕ್ಕನ ಫೋನು. “ರೊಟ್ಟಿ ಕಡಿಮಿ ಬಿದ್ದಾವಂತ, ಜಲ್ದಿ ಗಾಡಿ ತಗೊಂಡ ಬಾ!” “ಅವರ ಬರಿಯೂದ್ರಾಗ ತಪ್ಪಿರಬೇಕಕ್ಕಾ” ಎಂದೆ, ಮೆಸೇಜು ನೋಡದೆಯೇ. ನೋಡಿದ ಮೇಲೆ ಕಿವಿ ಬಿಸಿಯಾಯಿತು. ಶಾಂತವ್ವಕ್ಕನ ಮನೆಯಲ್ಲಿ ಒಣಗಿಸಿಟ್ಟಿದ್ದ ಕಟಕ ರೊಟ್ಟಿಗಳನ್ನೇ ಬುಟ್ಟಿಗೆ ತುಂಬಿಕೊಂಡು ನಾವಿಬ್ಬರೂ ಬೆಟಗೇರಿ ಮುಟ್ಟುವಷ್ಟರಲ್ಲಿ, ಎರಡನೆಯ ಪಂಕ್ತಿಯ ಬೀಗರು ಬರೀ ಅನ್ನ ಉಂಡು ಕೈ ತೊಳೆಯುತ್ತಿದ್ದರು. ಹಸಿರು ಸೀರೆಯ ಬಸುರಿ ಹುಡುಗಿ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ಬೀಗರ ಮುಂದ ನಮ್ಮ ಮಾನ ಹೋತಲ್ರಿ. ಇನ್ನ ನಿಮಗ್ಯಾರು ರೊಟ್ಟಿ ಹೇಳತಾರ?” ಎಂದರು ಅವಳ ತಾಯಿ. ಶಾಂತವ್ವಕ್ಕ ಕೈಮುಗಿದರು: “ನಂದ ತಪ್ಪ್ರಿ ಯವ್ವಾ, ಎಣಸೂದ್ರಾಗ ಎಡವಿದ್ನಿ.” ಅವರ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ನಾನು ಬಾಗಿಲಿನ ಮಾವಿನ ತೋರಣವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಒಂದು ಮಾತು ಸಾಕಾಗಿತ್ತು. ಅದನ್ನು ನಾನು ಆಡಲಿಲ್ಲ.

ಮರುದಿನ ದಾವಲ ಎಲ್ಲ ಕೇಳಿಸಿಕೊಂಡು, “ಲೈಬ್ರರಿಗೂ ದೀಡ ಗೊತ್ತಿರತಿದ್ದಿಲ್ಲ ಬಿಡು. ಆದ್ರ ಗೊತ್ತಿಲ್ಲದ ಶಬ್ದ ಬಂದ್ರ ಅದು ಅಲ್ಲೇ ನಿಂತು ತಿಳೀಲಿಲ್ಲ ಅಂತೈತಿ. ನಿಂದು ನಿನ್ನಂಗ ಐತಿ” ಎಂದ. ನನ್ನದನ್ನು ಕಿತ್ತು ಲೈಬ್ರರಿ ಹಾಕಿ, ಅದಕ್ಕೆ ಮೊದಲು ದೀಡ ಕಲಿಸಿದೆ. ಆಮೇಲೆ ಹುಲಕೋಟಿಗೆ ಹೋಗಿ ಶಾಂತವ್ವಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಸಿದ್ಧ ಇದ್ದದ್ದನ್ನ ಬಿಟ್ಟು ನೀನ ಬರಿಯಾಕ ಹೋದೇನು? ದೀಡ ಪಂಡಿತ!” ಎಂದರು. ಪಂಡಿತನಿಗಿಂತ ಅರ್ಧ ಪಾಲು ಹೆಚ್ಚು ತಿಳಿದವನೆಂಬ ಈ ಬಿರುದಿಗೆ ಉಳಿದ ಹೆಣ್ಣುಮಕ್ಕಳೆಲ್ಲ ನಕ್ಕರು. ಶಾಂತವ್ವಕ್ಕ ಮಾತ್ರ ನಗಲಿಲ್ಲ. “ನನ್ನ ಹೆಸರ ಕೆಟ್ಟೈತಿ. ಆ ಮನೀಗ ಹೋಗಿ ತಪ್ಪ ಯಾರದು ಅಂತ ನೀನ ಹೇಳಿ ಬಾ.”

ಹೋದೆ. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ಕೇಳಿದರು. ಶಾಂತವ್ವಕ್ಕನದು ಎಳ್ಳಷ್ಟೂ ತಪ್ಪಿಲ್ಲ, ದೀಡ ತಿಳಿಯದೆ ನೂರು ಮಾಡಿದವನು ನಾನು ಎಂದು, ಒಂದಕ್ಷರ ಹಾರಿಸದೆ ಹೇಳಿದೆ. ಎದೆ ಹಗುರಾಯಿತು. ಆಕೆಯ ಮುಖವೂ ಸಡಿಲಾಯಿತು. “ಹಂಗಾರ ಮುಂದ ಕೂಸಿನ ತೊಟ್ಟಲಕ್ಕೂ ಶಾಂತವ್ವಗ ಹೇಳತೇವಿ ಬಿಡು” ಎಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಲ್ಲಪಾ, ದೀಡ ಅಂದ್ರ ಗೊತ್ತಿಲ್ಲಂದ್ರ ನೀ ಯಾ ಊರಾಂವ?” ಎಂದು ಕೇಳಿದರು.

“ಬೆಂಗಳೂರ್ರೀ ಯವ್ವಾ” ಎಂದೆ, ಅಪ್ಪಟ ಶಿರಹಟ್ಟಿ ಕನ್ನಡದಲ್ಲಿ.