ಅತ್ತೆಯ ಮಂಡಿಗೆ ಭೂತಾನಿನ ಕಲ್ಲು

ನನ್ನ ಸೋದರತ್ತೆಗೆ ಈ ಭೂಮಿಯ ಮೇಲೆ ಶತ್ರು ಅಂತ ಇರುವುದು ಒಂದೇ: ಕುರ್ಚಿ!

ಹನಗೋಡಿನ ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪು ಕೊಯ್ದ ದಿನ, ಹೆಂಗಸರು ಉರಿ ಹಾಕಿ ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಸಾಲಾಗಿ ನೆಲದ ಮೇಲೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಜತೆಗೆ ಊರವರ ಮಾನ ಮರ್ಯಾದೆಯನ್ನೂ ಸೇರಿಸಿ ಕಟ್ಟುತ್ತಾರೆ. ಆ ಸಾಲಿಗೆ ಅತ್ತೆಯೇ ಯಜಮಾನಿ. ಮಂಡಿ ಹಿಡಿದುಕೊಂಡ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆವು.

"ಮ್ಯಾಲೆ ಕೂತ್ರೆ ಮಾತು ಕಿವಿಗೇ ಬೀಳಾಕಿಲ್ಲ ಕಣ್ಲಾ. ನಾನೇನು ಹೆಡ್‌ಮಾಸ್ಟ್ರಾ? ನೆಲದ್ ಮ್ಯಾಲೆ ಕೂರೋ ಅಂಗೆ ಮಾಡ್ಸು, ಇಲ್ಲಾಂದ್ರೆ ಬುಡು!"

ಆಪರೇಷನ್ ಅಂದರೆ ಹೊಡೆಯಲು ಬಂದಳು. ನಾನೋ, ಹುಣಸೂರಿನಲ್ಲಿ ಹಳೇ ಪಂಪ್‌ಸೆಟ್ ಮಾರಿ ಮೇಲೆ ಬಂದವನು. ಕೇಳದವರಿಗೂ ಸಲಹೆ ಕೊಡುವವನು. ಭೂತಾನಿನಲ್ಲಿ ಕಾದ ಕಲ್ಲಿನ ಸ್ನಾನ ಮಾಡಿದರೆ ಕೀಲುನೋವು ಹೋಗುತ್ತದೆ ಎಂದು ಫೋನಿನಲ್ಲಿ ನೋಡಿದೆ. ವಿದೇಶ, ಆದರೆ ವೋಟರ್ ಕಾರ್ಡ್ ಸಾಕು! ಇಂಥ ವಿದೇಶವನ್ನು ಯಾರಾದರೂ ಬಿಡುತ್ತಾರೆಯೇ? ಏಜೆಂಟನ ಜತೆ ಮೂರು ದಿನ ಚೌಕಾಸಿ ಮಾಡಿ, ಇಬ್ಬರು ಬಂದರೆ ಒಂದು ಸ್ನಾನ ಫ್ರೀ ಅಂತ ಒಪ್ಪಿಸಿದೆ. ನನ್ನ ಮಂಡಿಯೂ ಆಗಲೇ ಕಟಕಟ ಅನ್ನುತ್ತಿತ್ತು ಅನ್ನಿ.

ಅಲ್ಲಿ ಕೆಂಪಗೆ ಕಾದ ಹೊಳೆಗಲ್ಲುಗಳನ್ನು ಮರದ ತೊಟ್ಟಿಗೆ ಬಿಟ್ಟರು. ನೀರು ಬುಸ್ ಅಂದಿತು. ಮೇಲೊಂದಿಷ್ಟು ಸೊಪ್ಪು ಹಾಕಿದರು.

"ಹಿಮಾಲಯದ ಮೂಲಿಕೆ, ಅತ್ತೆ!" ಎಂದೆ.

ಅತ್ತೆ ಮೂಸಿದಳು. "ಮಾಚಿಪತ್ರೆ ಕಣ್ಲಾ ಇದು! ನಮ್ ಇತ್ಲಲ್ಲಿ ಮ್ಯಾಕೇನೂ ಮೂಸಾಕಿಲ್ಲ. ಇದ್ಕಾ ಏರೋಪ್ಲೇನ್ ಅತ್ಸಿದ್ದು?"

ಮೂರನೇ ದಿನ ಕಲ್ಲು ಕಾಯಿಸುವವನ ಒಲೆ ಬರೀ ಹೊಗೆಯಾಡಿತು. ಮೂವತ್ತು ವರ್ಷ ಬ್ಯಾರನ್‌ಗೆ ಉರಿ ಹಾಕಿದವಳು ಸುಮ್ಮನಿರುತ್ತಾಳೆಯೇ? "ಸರಿ ಅತ್ಲಾಗೆ!" ಎಂದು ಅವನನ್ನು ಸರಿಸಿ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು! ನಾನು ತಕ್ಷಣ ಊರಿಗೆ ಫೋನ್ ಹಚ್ಚಿದೆ: "ವಾಸಿಯಾಯ್ತು! ಮುಂದಿನ ಸಲ ಗುಂಪು ಕಟ್ಟಿ, ರೇಟು ಇಳಿಸ್ತೀನಿ!"

ಫೋನ್ ಜೇಬಿಗೆ ಇಡುವಷ್ಟರಲ್ಲಿ ಒಲೆ ಕಡೆಯಿಂದ ಕೂಗು: "ಲೋ, ಏಳಕಾಯ್ತಿಲ್ಲ ಕಣ್ಲಾ!"

ಎತ್ತಲು ಇಬ್ಬರು ಬೇಕಾಯಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅತ್ತೆ ನನ್ನನ್ನು ಬೈಯುವುದು ಬಿಟ್ಟು ಮಂಡಿ ನೀವಿಕೊಳ್ಳುತ್ತಿದ್ದಳು. ಅವಳು ಬೈಯದಿದ್ದರೆ ನನಗೆ ಊಟ ಸೇರುವುದಿಲ್ಲ.

ಬಂದ ವಾರವೇ ಸೊಪ್ಪು ಕೊಯ್ದರು. ಅತ್ತೆಯನ್ನು ಕೈಹಿಡಿದು ಬ್ಯಾರನ್ ಹತ್ತಿರ ಕರೆದುಕೊಂಡು ಹೋದರೆ, ಸಾಲಿನ ಆರು ಹೆಂಗಸರೂ ಕುರ್ಚಿಯ ಮೇಲೆ! ಅವರವರ ಮನೆಯಿಂದ ಹೊತ್ತು ತಂದ ಕುರ್ಚಿಗಳು. ನಡುವೆ ಒಂದು ಖಾಲಿ.

"ಏನ್ರಮ್ಮಿ ಇದು?"

"ನಮ್ಗೂ ಮಂಡಿನೋವು ಕಣಜ್ಜಿ" ಎಂದಳು, ಹೋದ ವರ್ಷವಷ್ಟೇ ಮದುವೆಯಾಗಿ ಬಂದ ಪಕ್ಕದ ಮನೆ ಸೊಸೆ.

ಅತ್ತೆ ಅವಳನ್ನೇ ಒಂದು ಗಳಿಗೆ ನೋಡಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಆ ಖಾಲಿ ಕುರ್ಚಿಯಲ್ಲಿ ಕೂತಳು.

"ಅಂಗಾದ್ರೆ ನನ್ನಳಿಯನ ಕೈಗೆ ಸಿಗ್ಬ್ಯಾಡ ಕಣವ್ವ. ಬೂತಾನ್‌ಗೆ ಕರ್ಕೊಂಡೋಯ್ತಾನೆ!"

ನನಗೆ ಕುರ್ಚಿ ಉಳಿದಿರಲಿಲ್ಲ. ನೆಲದ ಮೇಲೆ ಕೂತು ಅವರಿಗೆ ಎಲೆ ಎತ್ತಿ ಕೊಡತೊಡಗಿದೆ. ಸಂಜೆ ನನ್ನನ್ನು ಎಬ್ಬಿಸಲೂ ಇಬ್ಬರು ಬೇಕಾಯಿತು. ಅವರಲ್ಲೊಬ್ಬಳು ಅತ್ತೆ.